'ಇಂಡಕ್ಷನ್': ಪದವೊಂದು, ಅರ್ಥ ಹಲವು

ಸಂತ ಸೋಪಾನದೇವರ ಸಮಾಧಿಯಿಂದ ಪ್ರಸಿದ್ಧವಾದ ಸಾಸವಡವು ಪುಣೆಗೆ ಸಮೀಪದಲ್ಲಿ, ಕರ್ಹಾ ನದಿಯ ದಡದಲ್ಲಿದೆ. ಸುತ್ತಲಿನ ಪುರಂದರ ತಾಲ್ಲೂಕು ಅಂಜೂರಕ್ಕೂ ಸೀತಾಫಲಕ್ಕೂ ಹೆಸರಾದುದು. ಇಂಥ ಊರಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಕಿವಿಗೆ 'ಇಂಡಕ್ಷನ್' ಎಂಬ ಆಂಗ್ಲ ಪದವು ಹಲವು ಕಡೆಗಳಿಂದ ಬೀಳುತ್ತದೆ. ತೋಟದ ಬಾವಿಯಿಂದ ನೀರೆತ್ತುವುದು ಇಂಡಕ್ಷನ್ ಮೋಟಾರು. ಹಾಲು ಕಾಯಿಸುವುದು ಇಂಡಕ್ಷನ್ ಒಲೆ. ಹೊಸದಾಗಿ ಕಾರ್ಖಾನೆ ಸೇರಿದ ಮಗನಿಗೆ ಮೊದಲು ಇಂಡಕ್ಷನ್ ತರಬೇತಿ. ಆದರೆ ಹೆರಿಗೆಗೆ ಸೇರಿದ ಮಗಳ ಆಸ್ಪತ್ರೆಯ ಕಾಗದದಲ್ಲಿ ಅದೇ ಪದ ಕಂಡಾಗ ಮನೆಯವರು ಗಾಬರಿಗೊಳ್ಳುವುದುಂಟು. ಅದನ್ನು ಶಸ್ತ್ರಚಿಕಿತ್ಸೆಯೆಂದೇ ಭಾವಿಸುವವರೂ ಇದ್ದಾರೆ.

ಪದದ ಮೂಲ ಲ್ಯಾಟಿನ್. 'ಇನ್' ಎಂದರೆ ಒಳಗೆ. 'ಡೂಕೆರೆ' ಎಂದರೆ ನಡೆಸು, ಕರೆದೊಯ್ಯು. ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ಬಳಸಿದ 'ಎಪಗೋಗೆ' ಎಂಬ ಪದವನ್ನು ರೋಮಿನ ಸಿಸೆರೋ 'ಇಂಡಕ್ಟಿಯೊ' ಎಂದು ಅನುವಾದಿಸಿದನು. ಬಿಡಿ ನಿದರ್ಶನಗಳಿಂದ ಸಾಮಾನ್ಯ ನಿಯಮದೆಡೆಗೆ ಬುದ್ಧಿಯನ್ನು ನಡೆಸುವುದೇ ಅದರ ಅರ್ಥ. ಕನ್ನಡ ತರ್ಕ, ಗಣಿತ ಗ್ರಂಥಗಳಲ್ಲಿ ಇದು 'ಅನುಗಮನ'.

ಭೌತವಿಜ್ಞಾನದಲ್ಲಿ ಇದಕ್ಕೆ ಕನ್ನಡದ ಹೆಸರು 'ಪ್ರೇರಣೆ'. ಮರಾಠಿ ಶಾಲೆಯಲ್ಲಿ ಓದುವ ಮಕ್ಕಳಿಗೆ 'ಪ್ರವರ್ತನ'. ಬದಲಾಗುತ್ತಿರುವ ಕಾಂತಕ್ಷೇತ್ರವು ಸಮೀಪದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು 1831ರಲ್ಲಿ ಫ್ಯಾರಡೆ ತೋರಿಸಿದನು. ಮೋಟಾರಿನ ತಿರುಗುವ ಭಾಗಕ್ಕೆ ಹೊರಗಿನಿಂದ ತಂತಿ ಜೋಡಿಸದಿದ್ದರೂ ಅದರಲ್ಲಿ ವಿದ್ಯುತ್ತು ಹುಟ್ಟುವುದು ಈ ತತ್ತ್ವದಿಂದಲೇ. ಒಲೆಯಲ್ಲಿಯೂ ಉರಿಯಿಲ್ಲ, ಪಾತ್ರೆಯ ತಳದಲ್ಲಿ ಪ್ರೇರಿತವಾದ ವಿದ್ಯುತ್ತೇ ಶಾಖವಾಗುತ್ತದೆ. ಆದುದರಿಂದ ಅಯಸ್ಕಾಂತ ಅಂಟುವ ತಳದ ಪಾತ್ರೆ ಬೇಕು. ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಒಲೆಯಿಂದ ಸುಮಾರು ಎರಡು ಅಡಿ ದೂರವಿರುವುದು ಕ್ಷೇಮ.

ವೈದ್ಯಶಾಸ್ತ್ರದಲ್ಲಿ ಈ ಪದಕ್ಕೆ ಎರಡು ಮುಖ್ಯ ಬಳಕೆಗಳಿವೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಅರಿವಳಿಕೆಯ ಸ್ಥಿತಿಗೆ ಒಯ್ಯುವುದು ಒಂದು. ತಾನಾಗಿ ಆರಂಭವಾಗದ ಹೆರಿಗೆ ನೋವನ್ನು ಔಷಧಿಯಿಂದಲೋ ಬೇರೆ ಉಪಾಯದಿಂದಲೋ ಬರಿಸುವುದು ಇನ್ನೊಂದು. ದಿನ ಮೀರಿ 41 ವಾರ ತುಂಬಿದಾಗ, ತಾಯಿಗೆ ರಕ್ತದೊತ್ತಡ ಏರಿದಾಗ, ನೋವಿಲ್ಲದೆಯೇ ನೆತ್ತಿನೀರು ಒಡೆದಾಗ ವೈದ್ಯರು ಇದನ್ನು ಸೂಚಿಸಬಹುದು. ಮೊದಲು ಗರ್ಭಕೋಶದ ಬಾಯಿಯನ್ನು ಮೃದುಗೊಳಿಸಿ, ಅಗತ್ಯವಿದ್ದರೆ ಆಕ್ಸಿಟೋಸಿನ್ ಔಷಧಿಯನ್ನು ಹನಿಹನಿಯಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಇದು ದೇಹವೇ ತಯಾರಿಸುವ ರಸ. ಗ್ರೀಕ್ ಮೂಲದ ಹೆಸರಿನ ಅರ್ಥ 'ಶೀಘ್ರ ಪ್ರಸವ'. 1953ರಲ್ಲಿ ಇದನ್ನು ಕೃತಕವಾಗಿ ತಯಾರಿಸಿದ ದು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೀಗೆ ನೋವು ಬರಿಸುವುದು ಸಹಜ ಹೆರಿಗೆಯ ಕಡೆಗೆ ನಡೆಸುವ ಪ್ರಯತ್ನವೇ ಹೊರತು ಶಸ್ತ್ರಚಿಕಿತ್ಸೆಯಲ್ಲ. ಇದಕ್ಕೆ ಒಂದು ದಿನಕ್ಕಿಂತ ಹೆಚ್ಚು ಸಮಯವೂ ಹಿಡಿಯಬಹುದು. ಫಲಿಸದಿದ್ದಾಗ ಸಿಸೇರಿಯನ್ ಬೇಕಾಗಬಹುದು. ಮಗುವಿನ ಎದೆಬಡಿತವನ್ನು ಗಮನಿಸುತ್ತಿರುವುದು ಅತ್ಯವಶ್ಯ. ಈ ಕಾರಣದಿಂದ, ಬೇಗ ಹೆರಿಗೆಯಾಗಲೆಂದು ಮನೆಯಲ್ಲಿ ಯಾರಿಂದಲೋ ನೋವಿನ ಇಂಜೆಕ್ಷನ್ ಹಾಕಿಸುವುದು ಅಪಾಯಕರ. ಗರ್ಭಕೋಶ ಹರಿಯುವ, ಮಗುವಿಗೆ ಪ್ರಾಣವಾಯು ಕಡಿಮೆಯಾಗುವ ಸಂಭವವಿದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಪರಭಾಷೆಯ ನಾಡಿನಲ್ಲಿ ಬಾಳುವವರು ಆಸ್ಪತ್ರೆಯ ಕಾಗದಕ್ಕೆ ಸಂಕೋಚದಿಂದ ಸುಮ್ಮನೆ ಸಹಿ ಹಾಕಬಾರದು. ಏಕೆ ಬೇಕು, ಹೇಗೆ ಮಾಡುತ್ತಾರೆ, ಕಾದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತಿಳಿದ ಭಾಷೆಯಲ್ಲಿ ಕೇಳಿಕೊಳ್ಳುವುದು ಗರ್ಭಿಣಿಯ ಹಕ್ಕು. ಅರ್ಥ ತಿಳಿದಲ್ಲಿ ಅರ್ಧ ಭಯ ತಾನಾಗಿ ದೂರವಾಗುತ್ತದೆ.