ಕಿತ್ತೂರ ಗೋಡೆಯೊಳಗೊಂದು ಚುಕ್ಕಿ

ಗೋಡೆಯಲ್ಲೊಂದು ಕಿಂಡಿ. ಅಷ್ಟೇ! ಆದರೆ ಅದಕ್ಕೆ ಕಣ್ಣು ಹಚ್ಚಿ ನಿಂತವನು ಎಷ್ಟೋ ಹೊತ್ತು ಅಲ್ಲಿಂದ ಕದಲಲಿಲ್ಲ.

ಕಿತ್ತೂರನ್ನು ಎಷ್ಟು ಸಲ ದಾಟಿದ್ದೇನೋ, ಲೆಕ್ಕ ಇಟ್ಟಿಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಬಸ್ಸು, ಕಿಟಕಿಯಲ್ಲೊಂದು ಫಲಕ, ಮನಸ್ಸಿನಲ್ಲೇ ಚೆನ್ನಮ್ಮನಿಗೊಂದು ಕೈಮುಗಿತ. ಮುಗಿಯಿತು. ಕೋಟೆಯೆಂದರೆ ತೋಪು, ಕತ್ತಿ, ಕುದುರೆ, ಶಾಲೆಯ ಗ್ಯಾದರಿಂಗಿನಲ್ಲಿ ನೋಡಿದ ನಾಟಕ. ಈ ಸಲ ಇಳಿದೆ. ಅಗಳು ದಾಟಿ ಒಳಗೆ ಹೋದೆ. ಹೋದವನಿಗೆ ಸಿಕ್ಕಿದ್ದು ರಣರಂಗವಲ್ಲ, ಒಂದು ಮನೆ!

ಅಲ್ಲಿ ಮೊಮ್ಮಗನನ್ನು ಕರೆತಂದಿದ್ದ ಹಿರಿಯರೊಬ್ಬರು ಅರಮನೆಯ ಪಾಳುಗೋಡೆಯ ಮುಂದೆ ನಿಂತು ನನ್ನನ್ನೂ ಕರೆದರು. 'ಇಲ್ಲಿ ಕಣ್ ಹಚ್ಚಿ ನೋಡು ತಮ್ಮಾ.' ನೋಡಿದೆ. ರೂಪಾಯಿಯಷ್ಟಗಲದ ಆಕಾಶ. 'ಏನೂ ಕಾಣವಲ್ದಲ್ರೀ ಅಜ್ಜಾರ.' ಅವರು ನಕ್ಕರು. 'ಹಗಲಾಗ ಚುಕ್ಕಿ ಎಲ್ಲಿಂದ ಬರಬೇಕೋ? ಇದು ಧ್ರುವ ನಕ್ಷತ್ರ ನೋಡೂ ಕಿಂಡಿ.'

ಧ್ರುವ ನಕ್ಷತ್ರ! ಅಲ್ಲೇ ಕುಳಿತು ಮನಸ್ಸಿನಲ್ಲೇ ಗಣಿತ ಹಾಕಿದೆ. ಒಂದು ಊರು ಎಷ್ಟನೇ ಅಕ್ಷಾಂಶದ ಮೇಲಿದೆಯೋ, ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಆ ಚುಕ್ಕಿ ಕಾಣುತ್ತದೆ. ಕಿತ್ತೂರು ಇರುವುದು ಹದಿನೈದೂವರೆ ಡಿಗ್ರಿ ಉತ್ತರಕ್ಕೆ. ಅಂದರೆ ನಾಲ್ಕು ಗೇಣು ಮುಂದೆ ಹೋದರೆ ಒಂದು ಗೇಣು ಚಿಲ್ಲರೆ ಮೇಲೇಳಬೇಕು, ಅಷ್ಟೇ ಓರೆ. ತುಸು ಎತ್ತಿದರೆ ಖಾಲಿ ಆಕಾಶ, ತುಸು ಇಳಿಸಿದರೆ ಎದುರಿನ ಮರದ ನೆತ್ತಿ. ಗೋಡೆ ಕಟ್ಟಿದ ಮೇಲೆ ಕೊರೆದು ಸರಿಮಾಡುವ ಕೆಲಸವಲ್ಲ ಇದು. ರಾತ್ರಿ ಹೊತ್ತು ಚುಕ್ಕಿ ನೋಡಿಕೊಂಡೇ ಆ ಗೌಂಡಿ ಕಲ್ಲು ಕೂಡಿಸಿರಬೇಕು. ಅವನ ಹೆಸರು ಯಾವ ಪಾಠದಲ್ಲೂ ಇಲ್ಲ, ಬಿಡಿ.

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಮನೆಯೇ. ನೀರು ತುಂಬುವ ಹೊಂಡಗಳು, ಬಚ್ಚಲು, ಬಾವಿ, ನೀರು ಹರಿದು ಹೋಗುವ ದಾರಿ. ತೇಗದ ಕಂಬಗಳು ಹೋಗಿವೆ, ಅವು ನಿಂತಿದ್ದ ಜಾಗ ಉಳಿದಿದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಸಂಪಗಾವಿಯಿಂದ ಗದ್ದುಗೆಯನ್ನು ಇಲ್ಲಿಗೆ ತಂದು ಕೋಟೆ ಕಟ್ಟಿಸಿದ. ಅವನ ನಂತರ ತಲೆಮಾರುಗಟ್ಟಲೆ ಜನ ಇಲ್ಲಿ ಉಂಡಿದ್ದಾರೆ, ಮಿಂದಿದ್ದಾರೆ, ಚುಕ್ಕಿ ನೋಡಿದ್ದಾರೆ. ನಾವು ಓದಿಕೊಂಡದ್ದು ಮಾತ್ರ ಎರಡು ತಿಂಗಳ ಕಥೆ.

ಆ ಎರಡು ತಿಂಗಳಾದರೂ ಸಾಮಾನ್ಯವೇ! 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು ತಂದು ಬಾಗಿಲ ಮುಂದೆ ನಿಲ್ಲಿಸಿದ್ದಾನೆ. ಬಾಗಿಲು ಒಮ್ಮೆಲೇ ತೆರೆಯುತ್ತದೆ, ಒಳಗಿನ ಪಡೆ ಹೊರಗೆ ನುಗ್ಗುತ್ತದೆ, ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬೀಳುತ್ತಾನೆ. ಇಂಗ್ಲಿಷ್ ಕಾದಂಬರಿ ಓದುವವರಿಗೊಂದು ಮಾತು: 'ವ್ಯಾನಿಟಿ ಫೇರ್' ಬರೆದ ಥ್ಯಾಕರೆಗೆ ಇವನು ಸ್ವಂತ ಕಾಕಾ!

ನನ್ನನ್ನು ಇದಕ್ಕಿಂತ ಬೆರಗಾಗಿಸಿದವನು ಅಂದು ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ. ವಾಲ್ಟರ್ ಎಲಿಯಟ್, ಆಗ ಇಪ್ಪತ್ತೊಂದರ ಹುಡುಗ. ಇನ್ನೊಬ್ಬ ಸೆರೆಯಾಳು ಸ್ಟೀವನ್‌ಸನ್ ಜೊತೆ ಸುಮಾರು ಆರು ವಾರ ಚೆನ್ನಮ್ಮನ ಒತ್ತೆಯಾಳಾಗಿದ್ದ, ಜೀವಂತ ಹೊರಬಂದ. ಬಂದವನು ಮುಂದೆ ಏನು ಮಾಡಿದ ಗೊತ್ತೇ? ಊರೂರಿನ ಶಾಸನಗಳನ್ನು ನಕಲು ಮಾಡಿಸಿ ಸುಮಾರು 600 ಶಾಸನಗಳ ಸಂಗ್ರಹ ಕಟ್ಟಿದ, ಅದಕ್ಕೆ ಕರ್ನಾಟಕ ದೇಶದ ಹೆಸರನ್ನೇ ಇಟ್ಟ. ಅಮರಾವತಿಯ ಸ್ತೂಪ ಅಗೆಸಿದವನೂ ಅವನೇ. ಕಿತ್ತೂರು ಅವನನ್ನು ಕೊಂದುಹಾಕಿದ್ದರೆ ನಮ್ಮ ಚರಿತ್ರೆಯ ಎಷ್ಟೋ ಹಾಳೆಗಳು ಖಾಲಿ ಉಳಿಯುತ್ತಿದ್ದವು.

ಡಿಸೆಂಬರಿನ ಮೊದಲ ವಾರ ಈಸ್ಟ್ ಇಂಡಿಯಾ ಕಂಪನಿ ದೊಡ್ಡ ದಂಡಿನೊಂದಿಗೆ ಮರಳಿ ಬಂತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಆದರೂ ಕೋಟೆ ಬಿತ್ತು. ಆಮೇಲೆ ಅದನ್ನು ಕೆಡವಿದರು. ಫ್ರಾನ್ಸಿನಲ್ಲಿ ಕಾರ್ಕಾಸೊನ್ ಎಂಬ ಕೋಟೆಯೂರಿದೆ. 1849ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ಕೆಡವಲು ಹುಕುಂ ಹೊರಡಿಸಿತ್ತು. ಊರವರು ಗದ್ದಲ ಎಬ್ಬಿಸಿ ಉಳಿಸಿಕೊಂಡರು. ಈಗ ಜಗತ್ತೆಲ್ಲ ಅಲ್ಲಿಗೆ ಹೋಗುತ್ತದೆ. ಕಿತ್ತೂರಿನವರು ಯಾರ ಮುಂದೆ ಗದ್ದಲ ಎಬ್ಬಿಸಬೇಕಿತ್ತು?

ಇಡಿಯಾಗಿ ಉಳಿದ ಕೋಟೆ ಬೇಕಾದರೆ ಸವದತ್ತಿಗೆ ನಡೆಯಿರಿ. ರಟ್ಟರ ರಾಜಧಾನಿ ಸುಗಂಧವರ್ತಿಯೇ ಈಗಿನ ಸವದತ್ತಿ. ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿಯ ಜಾಯಪ್ಪ ದೇಸಾಯಿ ಕಟ್ಟಿಸಿದ ಕೋಟೆ ಊರ ಮಗ್ಗುಲಲ್ಲೇ ಎದ್ದು ನಿಂತಿದೆ. ಹುಣ್ಣಿಮೆ ಬಂದರೆ ಲಕ್ಷಗಟ್ಟಲೆ ಜನ 'ಉಧೋ ಉಧೋ' ಎನ್ನುತ್ತ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ, ಕೋಟೆಯ ಕಡೆ ತಿರುಗುವವರು ಬೆರಳೆಣಿಕೆ. ನಾನೂ ಅದೇ ಜಾತಿಯವನಾಗಿದ್ದೆ! ಒಳಗೆ ಕಾಡಸಿದ್ಧೇಶ್ವರನ ಗುಡಿ, ಸುತ್ತ ಕಲ್ಲಿನ ಮೇಲೆ ಕೆತ್ತಿದ ರೇಖೆಗಳ ಚಿತ್ತಾರ. ಹೆಣೆದ ಗೆರೆ, ಹರಳಿನಾಕಾರ, ನಕ್ಷತ್ರ, ಥೇಟ್ ಇಳಕಲ್ ಸೀರೆಯ ದಡಿ ಬಿಚ್ಚಿ ಹರವಿದಂತೆ. ಬಗೆ 200 ಎನ್ನುತ್ತಾರೆ. ನಾನು ನಲವತ್ತಕ್ಕೇ ಲೆಕ್ಕ ತಪ್ಪಿದೆ. ಇದೇ ಮನೆತನದ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಳ್ಳುವಾಗ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದ.

 

ಮರಳುವಾಗ ಬೈಲಹೊಂಗಲದಲ್ಲಿ ಇಳಿದೆ. ಕಂಪನಿ ಚೆನ್ನಮ್ಮನನ್ನು ಸೆರೆಯಿಟ್ಟದ್ದು ಇದೇ ಊರಲ್ಲಿ. 1829ರ ಫೆಬ್ರವರಿ 2ರಂದು ತೀರಿಹೋದಳು. ಸಮಾಧಿಯ ಮುಂದೆ ನಿಂತಾಗ ಸಂಜೆಯಾಗಿತ್ತು. ನನ್ನ ಕಣ್ಣು ತಾನಾಗಿ ಉತ್ತರಕ್ಕೆ ಹೊರಳಿತು. ಕಿತ್ತೂರಿಗೂ ಬೈಲಹೊಂಗಲಕ್ಕೂ ಆ ಚುಕ್ಕಿಯ ಎತ್ತರದಲ್ಲಿ ಕಾಣುವಂಥ ವ್ಯತ್ಯಾಸವೇ ಇಲ್ಲ. ನಾಲ್ಕು ವರ್ಷ ಅವಳಿಗೆ ಅರಮನೆ ಇರಲಿಲ್ಲ, ಕಿಂಡಿ ಇರಲಿಲ್ಲ, ಚುಕ್ಕಿ ಇತ್ತು.

ಈ ಸೀಮೆಯವರಾದರೆ ಇವತ್ತು ರಾತ್ರಿಯೇ ಮಾಳಿಗೆ ಹತ್ತಿ. ಉತ್ತರಕ್ಕೆ ಮುಖ ಮಾಡಿ, ಕೈ ನೀಟಾಗಿ ಚಾಚಿ ಮುಷ್ಟಿ ಕಟ್ಟಿ. ನೆಲ ಆಕಾಶ ಕೂಡುವಲ್ಲಿಂದ ಒಂದೂವರೆ ಮುಷ್ಟಿ ಮೇಲೆ ನೋಡಿ. ಅಲ್ಲಿದೆ.