ಗಾಳಿಗೆ ಯಜಮಾನನೂ ಒಂದೇ, ಆಳೂ ಒಂದೇ

ಗಾಲ್ಫ್ ಎಂದರೆ ಸಿರಿವಂತರ ಆಟ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಆಟದ ಅತ್ಯಂತ ಹಳೆಯ ಚಾಂಪಿಯನ್‌ಷಿಪ್ ಶುರುವಾದದ್ದು ಸಿರಿವಂತರ ಕೋಲುಗಳನ್ನು ಹೊತ್ತು ನಡೆಯುತ್ತಿದ್ದ, ಅವರಿಗಾಗಿ ಚೆಂಡು ತಯಾರಿಸುತ್ತಿದ್ದ, ಅವರ ಮೈದಾನದ ಹುಲ್ಲು ಕಾಯುತ್ತಿದ್ದ ಕೆಲಸಗಾರರಿಗಾಗಿ.

1860ರ ಅಕ್ಟೋಬರ್ 17ರಂದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಎಂಬ ಊರಿನಲ್ಲಿ ಇಂಥ ಎಂಟು ಮಂದಿ ಸೇರಿದರು. ಅದಕ್ಕೊಂದು ಕಾರಣವಿತ್ತು. ಸೋಲಿಲ್ಲದ ಆಟಗಾರನೆಂದೇ ಹೆಸರಾಗಿದ್ದ ಸೇಂಟ್ ಆಂಡ್ರೂಸ್‌ನ ಅಲನ್ ರಾಬರ್ಟ್‌ಸನ್ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ನಂತರ ದೊಡ್ಡ ಆಟಗಾರ ಯಾರು? ಪ್ರೆಸ್ಟ್‌ವಿಕ್ ಕ್ಲಬ್ಬಿನ ಗಣ್ಯರು ಇದನ್ನು ಆಟದಿಂದಲೇ ತೀರ್ಮಾನಿಸಲು ಹೊರಟರು.

ಮೈದಾನದಲ್ಲಿದ್ದದ್ದು 12 ಕುಳಿಗಳು. ಒಂದೇ ದಿನದಲ್ಲಿ ಮೂರು ಸುತ್ತು ಆಡಬೇಕು; ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜೇತ. ಕ್ಯಾಡಿಯಾಗಿ ಆಟ ಕಲಿತಿದ್ದ ಮಸಲ್‌ಬರೊದ ವಿಲ್ಲಿ ಪಾರ್ಕ್ 174 ಹೊಡೆತಗಳಲ್ಲಿ ಮುಗಿಸಿದ. ಆ ಮೈದಾನವನ್ನು ರೂಪಿಸಿ, ಅದರ ಪಾಲಕನೂ ಆಗಿದ್ದ ಟಾಮ್ ಮಾರಿಸ್ ಎರಡು ಹೊಡೆತಗಳಿಂದ ಹಿಂದೆ ಬಿದ್ದ. ಗೆದ್ದವನಿಗೆ ಹಣವಿಲ್ಲ, ಬೆಳ್ಳಿ ಕೆಲಸದ ಕೆಂಪು ಚರ್ಮದ ಸೊಂಟಪಟ್ಟಿಯೊಂದು ಒಂದು ವರ್ಷದ ಮಟ್ಟಿಗೆ ಅವನದು. ಸತತ ಮೂರು ವರ್ಷ ಗೆದ್ದರೆ ಮಾತ್ರ ಶಾಶ್ವತವಾಗಿ ಇಟ್ಟುಕೊಳ್ಳಬಹುದಿತ್ತು.

ಈ ಮೈದಾನಗಳ ಸ್ವಭಾವವನ್ನು ತಿಳಿಯದೆ ಈ ಸ್ಪರ್ಧೆ ಅರ್ಥವಾಗದು. ಕಡಲಿಗೂ ಉಳುವ ಹೊಲಕ್ಕೂ ನಡುವೆ ಇರುವ ಮರಳು ದಿಬ್ಬಗಳ ಬರಡು ನೆಲಕ್ಕೆ ಸ್ಕಾಟ್ಲೆಂಡಿನಲ್ಲಿ 'ಲಿಂಕ್ಸ್' ಎನ್ನುತ್ತಾರೆ. ಬೇಸಾಯಕ್ಕೆ ಬಾರದ ಅಲ್ಲಿ ಕುರಿಗಳು ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು. ಅವು ಮೇದು ಗಿಡ್ಡವಾದ ಹುಲ್ಲೇ ಆಟದ ಹಾಸು. ಮರಗಳ ಮರೆಯಿಲ್ಲದ ಕಾರಣ ಕಡಲ ಗಾಳಿಗೆ ತಡೆಯೇ ಇಲ್ಲ. ಎತ್ತರಕ್ಕೆ ಹೊಡೆದ ಚೆಂಡನ್ನು ಗಾಳಿ ತನಗೆ ಬೇಕಾದಲ್ಲಿಗೆ ಒಯ್ಯುತ್ತದೆ. ಬೆಳಿಗ್ಗೆ ಬೆನ್ನಿಗಿದ್ದ ಗಾಳಿ ಮಧ್ಯಾಹ್ನ ಎದುರಾದರೆ ಅದೇ ಕುಳಿಗೆ ಇನ್ನೆರಡು ಹೊಡೆತ ಹೆಚ್ಚು ಬೇಕಾಗಬಹುದು. ಇಲ್ಲಿ ಚೆಂಡನ್ನು ನೆಲಕ್ಕೆ ಸಮೀಪವಾಗಿ ಹೊಡೆದು, ಉರುಳಿಸಿಕೊಂಡು ಹೋಗುವ ಜಾಣ್ಮೆ ಬೇಕು. ಅದು ಬರುವುದು ದಿನವೂ ಆ ನೆಲ ತುಳಿದವರಿಗೆ.

ಎರಡನೆಯ ವರ್ಷವೇ, ಅಂದರೆ 1861ರಲ್ಲಿ, ಸ್ಪರ್ಧೆಯನ್ನು ಎಲ್ಲರಿಗೂ ತೆರೆಯಲಾಯಿತು. 'ಓಪನ್' ಎಂಬ ಹೆಸರಿನ ಮೂಲ ಅದೇ. ಹವ್ಯಾಸಕ್ಕೆ ಆಡುವ ಸಿರಿವಂತರೂ ಕಣಕ್ಕಿಳಿಯಬಹುದಿತ್ತು. ಆದರೂ ಹವ್ಯಾಸಿಯೊಬ್ಬ ಗೆಲ್ಲಲು 1890ರ ತನಕ ಕಾಯಬೇಕಾಯಿತು. ಇಂಗ್ಲೆಂಡಿನ ಜಾನ್ ಬಾಲ್ ಆ ವರ್ಷ ಪ್ರೆಸ್ಟ್‌ವಿಕ್‌ನಲ್ಲೇ ಗೆದ್ದ. ಅಲ್ಲಿಯವರೆಗೂ ಪ್ರಶಸ್ತಿ ಹೊಟ್ಟೆಪಾಡಿಗೆ ಆಡುವವರ ಕೈಬಿಟ್ಟು ಹೋಗಲಿಲ್ಲ.

ಅವರಲ್ಲೆಲ್ಲ ಮೇಲಾದವನು ಟಾಮ್ ಮಾರಿಸನ ಮಗ. ಅವನ ಹೆಸರೂ ಟಾಮ್. 1868ರಲ್ಲಿ ಗೆದ್ದಾಗ ಅವನಿಗೆ 17 ವರ್ಷ. ಮರುವರ್ಷವೂ ಅವನೇ ಗೆದ್ದ. 1870ರಲ್ಲಿ 149 ಹೊಡೆತಗಳಲ್ಲಿ ಆಟ ಮುಗಿಸಿ, 12 ಹೊಡೆತಗಳ ಅಂತರದಿಂದ ಮೂರನೆಯ ಬಾರಿ ಗೆದ್ದ. ನಿಯಮದಂತೆ ಪಟ್ಟಿ ಅವನದಾಯಿತು. ಕೊಡಲು ಪ್ರಶಸ್ತಿಯೇ ಇಲ್ಲದೆ 1871ರಲ್ಲಿ ಸ್ಪರ್ಧೆ ನಡೆಯಲಿಲ್ಲ! ಕೊನೆಗೆ ಮೂರು ಕ್ಲಬ್ಬುಗಳು ಸೇರಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸಿದವು. ಇಂದಿಗೂ 'ಕ್ಲ್ಯಾರೆಟ್ ಜಗ್' ಎಂದು ಹೆಸರಾದ ಅದರ ಮೇಲಿನ ಮೊದಲ ಹೆಸರು, 1872ರಲ್ಲಿ ಮತ್ತೆ ಗೆದ್ದ ಇದೇ ಹುಡುಗನದು. 1875ರಲ್ಲಿ ಹೆರಿಗೆಯ ವೇಳೆ ಹೆಂಡತಿ ಮತ್ತು ಮಗುವನ್ನು ಕಳೆದುಕೊಂಡ ಅವನು ಅದೇ ವರ್ಷ ಕ್ರಿಸ್‌ಮಸ್ ದಿನ ತೀರಿಕೊಂಡ. ಆಗ ಅವನಿಗೆ 24 ವರ್ಷ. ಅವನ ತಂದೆ 1908ರವರೆಗೂ ಬದುಕಿದ್ದ.

ಗಾಳಿ ಮೇಲುಕೀಳು ಎಣಿಸದಿದ್ದರೂ ಕ್ಲಬ್ಬಿನ ಬಾಗಿಲು ಎಣಿಸುತ್ತಿತ್ತು. ಮೈದಾನದಲ್ಲಿ ಚಪ್ಪಾಳೆ ಗಿಟ್ಟಿಸಿದ ವೃತ್ತಿಪರ ಆಟಗಾರನಿಗೆ ಕ್ಲಬ್ಬಿನ ಕಟ್ಟಡದೊಳಗೆ ಪ್ರವೇಶವಿರಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಡೀಲ್‌ಗೆ ಬಂದ ಅಮೆರಿಕದ ವಾಲ್ಟರ್ ಹೇಗನ್ ಇದಕ್ಕೆ ಬಗ್ಗಲಿಲ್ಲ. ಐಷಾರಾಮಿ ಕಾರೊಂದನ್ನು ಬಾಡಿಗೆಗೆ ತಂದು, ಕ್ಲಬ್ಬಿನ ಮುಂದೆಯೇ ನಿಲ್ಲಿಸಿ, ಅದರಲ್ಲೇ ಬಟ್ಟೆ ಬದಲಾಯಿಸಿದ. ಆ ವರ್ಷ ತೀರಾ ಹಿಂದೆ ಬಿದ್ದರೂ 1922ರಲ್ಲಿ ಹೂಜಿ ಗೆದ್ದು, ಅದನ್ನು ಗೆದ್ದ ಮೊದಲ ಅಮೆರಿಕ ಸಂಜಾತನಾದ. 1923ರಲ್ಲಿ ಪ್ರೆಸ್ಟ್‌ವಿಕ್‌ನ ನೆರೆಯ ಟ್ರೂನ್‌ನಲ್ಲಿ ಒಂದೇ ಹೊಡೆತದಿಂದ ಸೋತ. ಬಹುಮಾನ ವಿತರಣೆಯ ಹೊತ್ತಿಗೆ ಆಟಗಾರರನ್ನು ಒಳಗೆ ಕರೆದಾಗ, ಅಲ್ಲಿಯವರೆಗೆ ಇಲ್ಲದ ಆಹ್ವಾನ ಈಗೇಕೆ ಎಂದು ನಿರಾಕರಿಸಿ, ನೆರೆದ ಜನರನ್ನು ಕರೆದುಕೊಂಡು ಹೆಂಡದಂಗಡಿಗೆ ನಡೆದ.

ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಕೊನೆಯದಾಗಿ ನಡೆದದ್ದು 1925ರಲ್ಲಿ. ಮುಗಿಬಿದ್ದ ಜನಜಂಗುಳಿಯನ್ನು ಆ ಇಕ್ಕಟ್ಟಾದ ಮೈದಾನ ತಾಳಲಿಲ್ಲ. ಸ್ಪರ್ಧೆ ಇಂದಿಗೂ ಬ್ರಿಟಿಷ್ ದ್ವೀಪಗಳ ಕಡಲಂಚಿನ ಮೈದಾನಗಳನ್ನೇ ಸುತ್ತುತ್ತದೆ. 1864ರಲ್ಲಿ ಹಿರಿಯ ಟಾಮ್ ಮಾರಿಸನಿಗೆ ವಿಜೇತನಾಗಿ ಸಿಕ್ಕ ಹಣ 6 ಪೌಂಡ್. ಹೇಗನ್‌ನನ್ನು ಹೊರಗೆ ನಿಲ್ಲಿಸಿದ್ದ ಅದೇ ಟ್ರೂನ್‌ನಲ್ಲಿ 2024ರಲ್ಲಿ ಗೆದ್ದ ಅಮೆರಿಕದ ಕ್ಸಾಂಡರ್ ಶಾಫ್ಲಿಗೆ ಸಿಕ್ಕದ್ದು 31 ಲಕ್ಷ ಡಾಲರ್. ಹೂಜಿಯ ಮೇಲೆ ಅವನ ಹೆಸರೂ ಆ ಹಳೆಯ ಮೈದಾನ ಪಾಲಕನ ಮಗನ ಹೆಸರಿರುವ ಸಾಲಿಗೇ ಸೇರಿತು.