ಏಳು ದಿನದ ಸೇವೆ, ಅಜ್ಜನ ಲೆಕ್ಕ

ನನ್ನ ಮೊಮ್ಮಗಳು ಅಮೆರಿಕದ ಟೆಕ್ಸಾಸಿನಲ್ಲಿ ಓದುತ್ತಿದ್ದಾಳೆ. ವಯಸ್ಸು ಹದಿನಾರು. ಕಳೆದ ವರ್ಷ ಒಂದು ಭಾನುವಾರ ಫೋನ್ ಮಾಡಿದಳು.

“ಅಜ್ಜ, ನಮ್ಮ ಚರ್ಚಿನಿಂದ ಹನ್ನೆರಡು ಜನ ಹೊಂಡುರಾಸಿಗೆ ಹೋಗ್ತೇವೆ. ಅಲ್ಲಿ ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡ್ತೇವೆ. ಏಳು ದಿನ. ನೀವೂ ಸ್ವಲ್ಪ ದುಡ್ಡು ಕೊಡ್ತೀರಾ?”

ಹೊಂಡುರಾಸ್ ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. ಅಲ್ಲಿಯವರ ಮಾತು ಸ್ಪ್ಯಾನಿಷ್. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಬಂದು ಸಾವಿರಾರು ಜನ ಸತ್ತರು, ಊರೂರೇ ಕೊಚ್ಚಿಹೋದವು. ಆಗ ಅಮೆರಿಕದ ಚರ್ಚುಗಳಿಂದ ತಂಡ ತಂಡವಾಗಿ ಜನ ಹೋಗಿ ಮನೆ ಕಟ್ಟಿಕೊಟ್ಟರು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆ ಮನೆಗಳ ಲೆಕ್ಕ ಎಲ್ಲೋ ಓದಿದ್ದು ನೆನಪಿತ್ತು. ಹೊಂಡುರಾಸಿನಲ್ಲೇ ನೆಲೆಸಿದ ಕರ್ಟ್ ವರ್ ಬೀಕ್ ಎಂಬ ಪ್ರಾಧ್ಯಾಪಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ವಿಮಾನದ ಖರ್ಚೂ ಸೇರಿ ಒಂದು ತಂಡ ಒಂದು ಮನೆಗೆ ಸುಮಾರು 30,000 ಡಾಲರ್ ಖರ್ಚು ಮಾಡಿತ್ತು. ಅಂಥದೇ ಮನೆಯನ್ನು ಅಲ್ಲಿಯ ಸಂಸ್ಥೆಗಳು ಸುಮಾರು 2,000 ಡಾಲರಿಗೆ ಕಟ್ಟುತ್ತಿದ್ದವು. ಒಂದರ ದುಡ್ಡಿನಲ್ಲಿ ಹದಿನೈದು ಮನೆ!

ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಸಾಲದ್ದಕ್ಕೆ, “ನಿನಗೆ ಕರಣೆ ಹಿಡಿಯಲು ಬರ್ತದಾ?” ಎಂದೂ ಕೇಳಿಬಿಟ್ಟೆ.

ಆ ಕಡೆ ಮೌನ. “ಸರಿ ಅಜ್ಜ” ಎಂದು ಫೋನ್ ಇಟ್ಟಳು. ಮುಂದಿನ ಎರಡು ಭಾನುವಾರ ಫೋನೇ ಬರಲಿಲ್ಲ.

ನನ್ನ ಹೆಂಡತಿ ಅಂದಳು: “ನಿಮ್ಮ ಲೆಕ್ಕ ಸರಿಯೇ ಇರಬಹುದು. ಕಿಟ್ಟೆಲ್ ಜರ್ಮನಿಯಿಂದ ಬಂದಾಗ ಅವರ ಹಡಗಿನ ಖರ್ಚನ್ನೂ ಹೀಗೆ ಕೂತು ಲೆಕ್ಕ ಹಾಕಿದ್ದರೆ?”

ನಾನು ಸುಮ್ಮನಾದೆ. ಫರ್ಡಿನಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದವರು ನಮ್ಮ ಮಾತು ಕಲಿತರು, ಹಳ್ಳಿಯವರನ್ನೂ ಪಂಡಿತರನ್ನೂ ಕೇಳಿ ಕೇಳಿ ಬರೆದುಕೊಂಡರು. ನಲವತ್ತೊಂದು ವರ್ಷದ ಮೇಲೆ, 1894ರಲ್ಲಿ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕಲಿಸಲು ಬಂದವರು ಮೊದಲು ಕಲಿತಿದ್ದರು.

ಅಂದು ರಾತ್ರಿಯೇ ಫೋನ್ ಮಾಡಿದೆ. “ಮಗಾ, ಅಜ್ಜನದು ತಪ್ಪಾಯ್ತು. ದುಡ್ಡು ಕಳಿಸ್ತೇನೆ. ಅರ್ಧ ನಿನ್ನ ಪ್ರಯಾಣಕ್ಕೆ, ಅರ್ಧ ಅಲ್ಲಿಯ ಮೇಸ್ತ್ರಿಯ ಕೂಲಿಗೆ. ಹೋಗುವ ಮೊದಲು ನೂರು ಸ್ಪ್ಯಾನಿಷ್ ಶಬ್ದ ಕಲಿತುಕೋ.”

ಹೋಗಿ ಬಂದ ಮೇಲೆ ಅವಳ ಮಾತು ಒಂದು ಗಂಟೆ ನಿಲ್ಲಲಿಲ್ಲ. ಮೊದಲ ದಿನ ಇವರು ಕಟ್ಟಿದ ಗೋಡೆ ಓರೆಯಾಗಿತ್ತಂತೆ. ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದ. ಏನೂ ಹೇಳಲಿಲ್ಲ. ಇವರು ಊಟಕ್ಕೆ ಹೋದಾಗ ಮೂರು ಸಾಲು ಕಿತ್ತು ಮತ್ತೆ ಕಟ್ಟಿದ. ಇವಳು ಅರ್ಧ ಊಟದಲ್ಲೇ ವಾಪಸು ಬಂದು ಅದನ್ನು ನೋಡಿಬಿಟ್ಟಳು.

“ನಾಚಿಕೆ ಆಯ್ತು ಅಜ್ಜ. ಆಮೇಲೆ ನಾನು ಮರಳು ಹೊತ್ತೆ, ಕಲ್ಲು ಕೊಟ್ಟೆ. ಮನೆ ಕಟ್ಟಿದ್ದು ಅವನೇ.”

ಸಂಜೆ ಆ ಮನೆಯ ಅಜ್ಜಿ ಮೆಕ್ಕೆಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡುವುದನ್ನು ಕಲಿಸಿದರಂತೆ. ಅದಕ್ಕೆ ತೋರ್ತಿಯಾ ಎನ್ನುತ್ತಾರೆ. “ನಮ್ಮಜ್ಜಿ ಅಕ್ಕಿ ರೊಟ್ಟಿ ತಟ್ಟೋ ಹಾಗೇನೇ!” ಎಂದಳು. ಕಲಿತ ನೂರು ಶಬ್ದಗಳಲ್ಲಿ ಹೆಚ್ಚಿನವು ಖರ್ಚಾದದ್ದು ಆ ಅಡುಗೆಮನೆಯಲ್ಲೇ.

ಈ ವರ್ಷ ಚರ್ಚಿನ ಸಭೆಯಲ್ಲಿ ಅವಳು ಎದ್ದು ನಿಂತು, “ಟಿಕೆಟಿನ ದುಡ್ಡನ್ನು ಅಲ್ಲಿಗೇ ಕಳಿಸೋಣ, ಮೇಸ್ತ್ರಿ ಕಟ್ಟಲಿ” ಎಂದಳಂತೆ. ಕೆಲವರು ಒಪ್ಪಿದರು. ಕೆಲವರು, “ನೀನು ಹೋಗಿ ಬಂದೆ, ನಮ್ಮ ಮಕ್ಕಳು ಹೋಗುವುದು ಬೇಡವೇ?” ಎಂದು ಕೇಳಿದರು.

“ಅದೂ ನಿಜ ಅಲ್ವಾ ಅಜ್ಜ? ನಾನೇನು ಹೇಳಲಿ?” ಎಂದು ನನ್ನನ್ನೇ ಕೇಳುತ್ತಿದ್ದಾಳೆ.

ನನ್ನ ಲೆಡ್ಜರಿನಲ್ಲಿ ಅದಕ್ಕೆ ಉತ್ತರವಿಲ್ಲ. ಮಕ್ಕಳೇ, ನಿಮಗೇನು ಅನಿಸುತ್ತದೆ? ನಿಮ್ಮ ಅಜ್ಜ ಅಜ್ಜಿಯ ಜೊತೆ ಕೂತು ಮಾತಾಡಿ ನೋಡಿ. ಒಂದು ಮಾತನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ: ಯಾರಿಗಾದರೂ ಸಹಾಯ ಮಾಡಲು ಹೊರಟರೆ, ಏನು ಬೇಕೆಂದು ಮೊದಲು ಅವರನ್ನೇ ಕೇಳಿ. ಅಜ್ಜಂದಿರೇ, ಮೊಮ್ಮಕ್ಕಳು ಏನಾದರೂ ಕೇಳಿದರೆ ಪೂರ್ತಿ ಕೇಳಿಸಿಕೊಂಡು ಆಮೇಲೆ ಲೆಕ್ಕಕ್ಕೆ ಕೂರೋಣ.